ಗಾಳಿ ಎಲ್ಲರದು

ಕ್ವಾರ್ಟ್ಜ್‌ಸೈಟ್ ಮರಳುಗಾಡು, ಅರಿಜೋನಾ
ಫೆಬ್ರವರಿ 12, 2019, ಮಂಗಳವಾರ

ಪ್ರೀತಿಯ ತಾತಾ,

ಕಣ್ಣು ಹೇಗಿದೆ? ಇನ್ನೂ ಹತ್ತು ದಿನ ಪಟ್ಟಿ ಬಿಚ್ಚುವಂತಿಲ್ಲ ಎಂದು ಲೊರೇನ್ ಅತ್ತೆ ತಿಳಿಸಿದಳು. ನೀನು ಅದರ ಅಂಚು ಎತ್ತಿ ಕಿಟಕಿಯ ಕಡೆ ಇಣುಕುತ್ತೀಯ ಅಂತಲೂ ಹೇಳಿದಳು. ಹಾಗೆ ಮಾಡಬೇಡ. ಫೋನಿನಲ್ಲಿ ನನ್ನ ಮಾತು ನಿನಗೆ ಅರ್ಧ ಕೇಳುವುದಿಲ್ಲ, ಕೇಳದ ಅರ್ಧಕ್ಕೆ "ಸರಿ ಸರಿ" ಅನ್ನುತ್ತೀಯ. ಈಗ ಹೇಳಬೇಕಾದದ್ದಕ್ಕೆ ಆ "ಸರಿ" ನನಗೆ ಸಿಗಬಾರದು. ಅದಕ್ಕೇ ಕಾಗದ. ಅತ್ತೆ ನಿನಗೆ ಓದಿ ಹೇಳಲಿ, ಅವಳಿಗೂ ಗೊತ್ತಾಗಲಿ.

ಇಲ್ಲಿ ಬಿಸಿಲು ಹಿತವಾಗಿದೆ. ಕಾಫಿ ಡಬ್ಬಿಯಲ್ಲಿ ನೀನು ನೆಟ್ಟ ಟೊಮೇಟೊ ಎರಡು ಕಾಯಿ ಬಿಟ್ಟಿದೆ. ನಿನ್ನ ಮನೆಬಸ್ಸಿನ ಸೋರುವ ಕಿಟಕಿಗೆ ಹೊಸ ರಬ್ಬರು ಕೂರಿಸಿದೆ. ಇಷ್ಟು ಒಳ್ಳೆಯ ಸುದ್ದಿ.

ಡೆಲ್ಮರ್ ಹೊರಟುಹೋಗಿದ್ದಾರೆ. ಹನ್ನೊಂದು ಚಳಿಗಾಲ ನಿನ್ನ ಬಸ್ಸಿನ ಪಕ್ಕದಲ್ಲೇ ತಮ್ಮ ಬಸ್ಸು ನಿಲ್ಲಿಸಿದವರು ಹೋದ ಮಂಗಳವಾರ ಬೆಳಿಗ್ಗೆ ಯಾರಿಗೂ ಕೈ ಬೀಸದೆ ಹೋದರು. ಅವರನ್ನು ಓಡಿಸಿದವಳು ನಾನು.

ನೀನು ಆಸ್ಪತ್ರೆಗೆ ಹೊರಟ ಮೇಲೆ ನಾನೊಂದು ಕೆಲಸ ಮಾಡಿದೆ. ಪೆಟ್ರೋಲ್ ಬಂಕಿನವರು ಟೈರಿನ ಗಾಳಿಗೂ ನಾಣ್ಯ ಹಾಕಿಸಿಕೊಳ್ಳುವುದು ಕಂಡರೆ ನನಗೆ ಮೈ ಉರಿಯುತ್ತದೆ, ನಿನಗೆ ಗೊತ್ತು. ಪೋರ್ಟ್‌ಲೆಂಡಿನ ಹೋರಾಟಗಾರರಿಂದ ಬರುವ ಕರಪತ್ರಗಳಲ್ಲಿ ಓದಿದ್ದೆ: ನಿನ್ನ ಬಳಿ ಸುಮ್ಮನೆ ಕೂತಿರುವುದು ಇನ್ನೊಬ್ಬನಿಂದ ಕಿತ್ತುಕೊಂಡದ್ದು ಅಂತ. ಬಸ್ಸಿನ ಕೆಳಗೆ ಬ್ರೇಕಿನ ಗಾಳಿ ಟ್ಯಾಂಕುಗಳು ತುಂಬಿಕೊಂಡು ಸುಮ್ಮನೆ ಕೂತಿದ್ದವು. ಮುಂಭಾಗದ ಟ್ಯಾಂಕಿಗೆ ಒಂದು ಕವಲು ಕೊಳವೆ ಜೋಡಿಸಿ ಉದ್ದ ಪೈಪು ಎಳೆದೆ, "ಗಾಳಿ ಎಲ್ಲರದು, ಬಂದು ತುಂಬಿಸಿಕೊಳ್ಳಿ" ಎಂದು ಹಲಗೆ ಬರೆದು ನಿಲ್ಲಿಸಿದೆ. ಜನ ಬಂದರು ತಾತಾ. ಸೈಕಲ್ಲು, ಜೀಪು, ಟ್ರೈಲರ್, ಎಲ್ಲದಕ್ಕೂ ತುಂಬಿದೆ. ಆ ವಾರ ನನ್ನ ಕಾಲು ನೆಲದ ಮೇಲಿರಲಿಲ್ಲ.

ಡೆಲ್ಮರ್ ಬಂದು ಬಗ್ಗಿ ನೋಡಿ ಹೇಳಿದ್ದರು: "ಬ್ರೇಕಿನ ಟ್ಯಾಂಕಿಗೆ ಕೈ ಹಾಕ್ಬೇಡ ಮಗೂ. ಗಾಳಿ ಹಂಚ್ಬೇಕಾ, ನನ್ ಹತ್ರ ಬೇರೆ ಕಂಪ್ರೆಸರ್ ಇದೆ, ತಗೊಂಡ್ಹೋಗು." ನಾನು ಅಂದೆ: "ಎಲ್ಲದರಲ್ಲೂ ಎರಡೆರಡು ಇಟ್ಕೊಂಡಿರೋರು ನೀವು. ನಿಮ್ ದಾನ ನಂಗೆ ಬೇಡ." ಅವರು ನಕ್ಕು, ಟೋಪಿ ಕೊಡವಿಕೊಂಡು ಹೋದರು.

ಜನವರಿ ಕೊನೆಗೆ ಬ್ರೇಕಿನ ಗಾಳಿಯ ಪ್ರೆಷರ್ ನಿಲ್ಲದಾಯಿತು. ಸಂಜೆ ನೂರಿಪ್ಪತ್ತು ತೋರಿಸುವ ಮುಳ್ಳು ಬೆಳಿಗ್ಗೆ ನಲವತ್ತಕ್ಕೆ ಬಿದ್ದಿರುತ್ತಿತ್ತು. ಎಂಜಿನ್ ಹಚ್ಚಿದ ಕೂಡಲೇ ಎಚ್ಚರಿಕೆಯ ಗಂಟೆ ಕಿರುಚುತ್ತಿತ್ತು, ಗಾಳಿ ಏರಲು ಕಾಲು ಗಂಟೆ. ನಿನ್ನನ್ನು ಕರೆತರಲು ಇದೇ ಬಸ್ಸಿನಲ್ಲಿ ನೀನಿರುವ ಟ್ಯೂಸಾನ್‌ಗೆ ಬರಬೇಕಿತ್ತಲ್ಲ, ಭಯವಾಯಿತು. ಬಸ್ಸಿನ ಹಿಂದೆ ಹೋಗಿ ಕಿವಿಗೊಟ್ಟೆ. ಗಾಳಿಯ ತೇವ ಹೀರುವ ಡ್ರೈಯರ್ ಇದೆಯಲ್ಲ, ಟ್ಯಾಂಕು ತುಂಬಿದ ಕೂಡಲೇ ಅದು "ಪುಸ್ಸ್" ಎಂದು ಉಗುಳಿತು. ಸಿಕ್ಕಿತು ಕಳ್ಳ ಅಂದುಕೊಂಡೆ. ತುಂಬಿದಾಗ ಒಂದು ಸಲ ಹಾಗೆ ಉಗುಳುವುದೇ ಅದರ ಕೆಲಸ ಎಂದು ನನಗೆ ಗೊತ್ತಿರಲಿಲ್ಲ. ನೀನು ಹೇಳಿಕೊಡಲು ಬಂದಾಗ ನಾನು ಓದುತ್ತಿದ್ದೆ.

ಆ ಡ್ರೈಯರಿನ ಡಬ್ಬಿ ಬದಲಿಸಿದವರು ಡೆಲ್ಮರ್, ಡಿಸೆಂಬರಿನಲ್ಲಿ. ನಮ್ಮದು ಧೂಳು ಮೆತ್ತಿ ಕಂದಾಗಿತ್ತು. ಅವರ ಬಸ್ಸಿನ ಕೆಳಗೆ ಬಗ್ಗಿ ನೋಡಿದರೆ ಡಬ್ಬಿ ಫಳಫಳ. ನಮಗೆ ತಂದ ಹೊಸದನ್ನು ತಮಗೆ ಹಾಕಿಕೊಂಡು ಹಳೆಯದನ್ನು ಕುರುಡು ಮುದುಕನಿಗೆ ತಗುಲಿಸಿದ್ದಾರೆ ಎಂದು ತೀರ್ಮಾನಿಸಿದೆ. ನಮ್ಮ ಬಸ್ಸಿನ ಹಿಂದೆ ದಿನಕ್ಕೆ ಮೂವತ್ತು ವಾಹನ ಬಂದು ಧೂಳೆಬ್ಬಿಸುತ್ತಿದ್ದವು, ನನ್ನ ಪುಕ್ಕಟೆ ಗಾಳಿಗೆ. ಅದು ಹೊಳೆಯಲಿಲ್ಲ. ಅವರನ್ನೇ ಕರೆದು ಕೇಳಬಹುದಿತ್ತು, ಹತ್ತು ಹೆಜ್ಜೆ ದೂರ. ಕೇಳಲಿಲ್ಲ. ಕರಪತ್ರ ಬರೆದೆ.

ನೀರಿನ ಟ್ಯಾಂಕಿನ ಪಕ್ಕದ ಹಲಗೆಗೆ ಅಂಟಿಸಿದೆ. "ನೆರೆಯವನ ಬ್ರೇಕು ಕದಿಯುವವನೂ ನೆರೆಯವನೇ?" ಎಂದು ಮೇಲೆ ದಪ್ಪಕ್ಷರ, ಕೆಳಗೆ ಅವರ ಹೆಸರು. ಚಿಕ್ಕವಳಿದ್ದಾಗಿನಿಂದ ಡೆಲ್ಮರ್ ಮಾಮ ಎಂದು ಕರೆದವಳು ಅಲ್ಲಿ ಬರೀ ಡೆಲ್ಮರ್ ಎಂದು ಬರೆದೆ. ಸಂಜೆ ನಾಲ್ಕಕ್ಕೆ ಎಲ್ಲರೂ ಕುರ್ಚಿ ಹಾಕಿಕೊಂಡು ಸುತ್ತ ಕೂರುತ್ತೇವಲ್ಲ, ಅಲ್ಲಿ ಯಾರೋ ಅದನ್ನು ಗಟ್ಟಿಯಾಗಿ ಓದಿದರು. ಡೆಲ್ಮರ್ ನನ್ನ ಕಡೆ ನೋಡಲಿಲ್ಲ. ಬಿಯರು ಅರ್ಧ ಉಳಿದಿತ್ತು, ಮರಳಿಗೆ ಸುರಿದರು. ಕುರ್ಚಿ ಮಡಚಿದರು. "ನಿಮ್ ತಾತಂಗೆ ಕಣ್ ಬರ್ಲಿ" ಅಂದರು, ಅಷ್ಟೇ. ನಾನು ಅದನ್ನು ಗೆಲುವು ಎಂದುಕೊಂಡು ಊಟ ಮಾಡಿದೆ, ತಾತಾ. ಎರಡು ಸಲ ಬಡಿಸಿಕೊಂಡೆ.

ಅವರು ಹೋದ ಮರುದಿನ ನಾಯಿ ಹಿಡಿದುಕೊಂಡು ಆರ್ಡಿಸ್ ಅಜ್ಜಿ ಬಂದಳು. ಗಂಡನ ಜೊತೆ ಇಪ್ಪತ್ತು ವರ್ಷ ಲಾರಿ ಓಡಿಸಿದವಳಲ್ಲವೇ, ನೇರವಾಗಿ ಕೇಳಿದಳು: "ಸೋಪು ನೀರು ಹಚ್ಚಿ ನೋಡಿದ್ಯೇನೇ?"

"ಬೇಕಾಗಿಲ್ಲ ಅಜ್ಜಿ, ಎಲ್ಲಿ ಅಂತ ಗೊತ್ತು."

"ಗೊತ್ತಿದ್ರೆ ಹಚ್ಚಕ್ಕೇನು ರೋಗ?"

ನಿನ್ನ ನೀಲಿ ಬಾಟಲಿಯಲ್ಲಿ ಪಾತ್ರೆ ಸೋಪು ಕಲಸಿ ಚಿಮುಕಿಸುತ್ತ ಹೋದೆ. ಡ್ರೈಯರಿನ ಸುತ್ತ ಒಂದು ಗುಳ್ಳೆಯಿಲ್ಲ. ಡೆಲ್ಮರ್ ಬಿಗಿದ ಎರಡು ಜಾಗದಲ್ಲೂ ಇಲ್ಲ. ಪೈಪಿನ ಗುಂಟ ಮುಂದಕ್ಕೆ ತೆವಳಿ ನನ್ನ ಕವಲಿಗೆ ಬಂದೆ. ತೋಟದ ನೀರಿನ ಪೈಪಿಗೆ ಹಾಕುವ ಹಿತ್ತಾಳೆ ಜೋಡಣೆ ಅದು, ಬ್ರೇಕಿಗೆ ಆಗುವಂಥದ್ದಲ್ಲ. ಸೋಪು ಬಿದ್ದದ್ದೇ ನೊರೆ ಎದ್ದಿತು. ದ್ರಾಕ್ಷಿ ಗೊಂಚಲಿನ ಹಾಗೆ ಉಬ್ಬಿ, ನೋಡುತ್ತಿದ್ದಂತೆ ಕೆಳಗಿಳಿದು ನನ್ನ ತೋಳಿನ ಮೇಲೆ ಬಿತ್ತು.

ಇನ್ನೊಂದು ಮಾತು, ಇದನ್ನು ಬರೆಯಲು ಎರಡು ದಿನ ಬೇಕಾಯಿತು. ನೊರೆ ಕಂಡಾಗ ನನಗೆ ಮೊದಲು ಬಂದದ್ದು ಡೆಲ್ಮರ್ ನೆನಪಲ್ಲ. ಆರ್ಡಿಸ್ ಅಜ್ಜಿ ನೋಡಿಬಿಟ್ಟಳಾ ಎಂದು ಬಂತು. ಬಟ್ಟೆಯಲ್ಲಿ ಒರೆಸಿ, "ಏನೂ ಇಲ್ಲ ಅಜ್ಜಿ" ಅಂದೆ. ಅವಳು ಹೋದ ಮೇಲೆ ಕವಲು ಕಳಚಿ ಟ್ಯಾಂಕಿನ ಬಾಯಿಗೆ ಅದರ ಹಳೆಯ ಬಿರಡೆ ಬಿಗಿದೆ. ಹಲಗೆಯಿಂದ ಕರಪತ್ರ ಕಿತ್ತು ಒಲೆಗೆ ಹಾಕಿದೆ. ಒಂದಿಡೀ ದಿನ ಏನೂ ಆಗಿಲ್ಲವೆಂಬಂತೆ ಓಡಾಡಿದೆ. ಬೇರೆಯವರ ಮುಚ್ಚುಮರೆಯ ಬಗ್ಗೆ ಎಷ್ಟು ಬರೆದಿದ್ದೇನೆ ನಾನು!

ಮಾರನೆಯ ದಿನ ಆರ್ಡಿಸ್ ಅಜ್ಜಿ ಬಾಗಿಲು ತಟ್ಟಿದಳು. "ನಿನ್ ತೋಳಿನ ಮೇಲೆ ನೊರೆ ಇತ್ತು ಕಣೇ. ನನ್ ಕಣ್ಣಿಗೇನೂ ಪಟ್ಟಿ ಕಟ್ಟಿಲ್ಲ. ಚೀಟಿ ಕಿತ್ತಾಕಿದ್ರೆ ಆಯ್ತಾ? ಓದಿದೋರ ತಲೇಲಿ ಇರೋದನ್ನ ಯಾರ್ ಕೀಳೋರು?"

ಅವತ್ತು ಸಂಜೆ ನಾಲ್ಕಕ್ಕೆ ಎದ್ದು ನಿಂತು ಹೇಳಿದೆ. ಕವಲು ನನ್ನದು, ಸೋರಿಕೆ ನನ್ನದು, ಡಬ್ಬಿ ಹೊಸದೇ ಎಂದು. ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಡೆಲ್ಮರ್ ಕುರ್ಚಿಯ ನಾಲ್ಕು ಗುರುತು ಇನ್ನೂ ಮರಳಿನಲ್ಲಿ ಇದ್ದವು, ಎಲ್ಲರೂ ಆ ಜಾಗ ಬಿಟ್ಟು ಸುತ್ತ ಕೂತಿದ್ದರು. ನಾನು ಹೇಳಿದ್ದನ್ನೇ ದೊಡ್ಡಕ್ಷರದಲ್ಲಿ ಬರೆದು ಅದೇ ಹಲಗೆಗೆ ಅಂಟಿಸಿದ್ದೇನೆ. ಆದರೆ ಓದಬೇಕಾದವರು ಇಲ್ಲಿಲ್ಲ. ಅವರಿಗೆ ಫೋನಿಲ್ಲ. ಅವರು ಎಲ್ಲಿಗೆ ಹೋಗಿರಬಹುದು, ಕಾಗದ ಯಾವ ವಿಳಾಸಕ್ಕೆ ಹಾಕಿದರೆ ಸಿಗುತ್ತದೆ, ನಿನಗೆ ಮಾತ್ರ ಗೊತ್ತಿರುತ್ತದೆ. ಅತ್ತೆಯ ಕೈಲಿ ಬರೆಸಿ ಕಳಿಸು.

ಬಸ್ಸಿಗೆ ನೀನು ದಿನಾ ಬೆಳಿಗ್ಗೆ ಮಾಡುತ್ತಿದ್ದ ಪರೀಕ್ಷೆ ಮಾಡಿದೆ. ಚಕ್ರಕ್ಕೆ ಅಡ್ಡ ಮರದ ತುಂಡು ಕೊಟ್ಟು, ಎಂಜಿನ್ ನಿಲ್ಲಿಸಿ, ಪೆಡಲ್ ಒತ್ತಿ ಹಿಡಿದು, ಒಂದು ನಿಮಿಷ. ನೀನು ಡ್ರೈವರಾಗಿದ್ದ ಕಾಲದ ಆ ಅಭ್ಯಾಸವನ್ನು ನಾನು "ಕಂಪನಿ ಕಲಿಸಿದ ಗುಲಾಮಗಿರಿ" ಎಂದು ಹಾಸ್ಯ ಮಾಡುತ್ತಿದ್ದೆ. ಮುಳ್ಳು ಮೂರು ಗೆರೆಗಿಂತ ಹೆಚ್ಚು ಇಳಿಯಬಾರದು ಅನ್ನುತ್ತಿದ್ದೆಯಲ್ಲ, ಒಂದೇ ಗೆರೆ ಇಳಿಯಿತು. ಆದರೂ ನನ್ನ ಕೈಕೆಲಸದ ಮೇಲೆ ನನಗೆ ನಂಬಿಕೆಯಿಲ್ಲ.

ಮದ್ದು ಹೊತ್ತಿಗೆ ಸರಿಯಾಗಿ ಹಾಕಿಸಿಕೋ. ಅತ್ತೆಗೆ ನನ್ನ ಪ್ರೀತಿ.

ನಿನ್ನ,
ಟೆಸ್ಸಾ

ತಾ.ಕ.: ಟಪಾಲು ಗಾಡಿ ಹೊರಡುತ್ತಿದೆ, ತಿದ್ದಿ ಬರೆಯಲು ಹೊತ್ತಿಲ್ಲ. ಈಗಷ್ಟೇ ಅತ್ತೆಯ ಸಂದೇಶ ಬಂತು. ಡೆಲ್ಮರ್ ವಾರದಿಂದ ಅಲ್ಲೇ ಇದ್ದಾರಂತೆ, ನಿನ್ನ ಮಂಚದ ಪಕ್ಕ ಕೂತು ಬೆಳಿಗ್ಗೆ ಪೇಪರು ಓದುತ್ತಾರಂತೆ, ಬಂದ ಕಾಗದಗಳನ್ನೂ ಅವರೇ ಓದಿ ಹೇಳುವುದಂತೆ. ನನ್ನ ಬಗ್ಗೆ ಒಂದು ಮಾತೂ ಆಡಿಲ್ಲವಂತೆ. ಹಾಗಾದರೆ ಇದನ್ನು ಓದುತ್ತಿರುವವರು ನೀವೇ. ಮಾಮಾ, ಆ ಕರಪತ್ರದ ಸಾಲನ್ನು ನಿಮ್ಮ ಬಾಯಿಂದಲೇ ಓದಿಸಿಬಿಟ್ಟೆ, ಕ್ಷಮಿಸಿ. ಇಪ್ಪತ್ತೆರಡಕ್ಕೆ ತಾತನ ಪಟ್ಟಿ ಬಿಚ್ಚುತ್ತಾರೆ. ಈ ಬಸ್ಸಿನ ಬ್ರೇಕು ನೀವು ನೋಡುವವರೆಗೆ ನಾನಿದನ್ನು ಅಲ್ಲಾಡಿಸುವುದಿಲ್ಲ. ತಾತನನ್ನು ನಿಮ್ಮ ಬಸ್ಸಿನಲ್ಲಿ ಕರೆತರುತ್ತೀರಾ? ಪೆಡಲ್ ನಾನು ಒತ್ತಿ ಹಿಡಿಯುತ್ತೇನೆ, ಮುಳ್ಳು ನೀವು ನೋಡಿ. ಮನಸ್ಸಿಲ್ಲದಿದ್ದರೆ ತಾತನಿಗೆ ಈ ಕೊನೆಯ ಸಾಲುಗಳನ್ನು ಓದಿ ಹೇಳಬೇಡಿ. ಕಾಗದ ನನ್ನ ಸಹಿಗೇ ಮುಗಿಯಿತು ಅನ್ನಿ.