ಮಣ್ಣಿನ ತಾಲೀಮಿಗೆ ಬಂದ ಕಲ್ಲು

ದಂಡೋತಿ
ಮಾಘ ಶುದ್ಧ ಪಂಚಮಿ, ಇಸವಿ ೧೯೩೮

ಶಹಾಬಾದದಲ್ಲಿರುವ ನಮ್ಮ ಮನೆಯವರಿಗೆ ಮಹಾದೇವಮ್ಮ ಮಾಡುವ ಶರಣು ಶರಣಾರ್ಥಿ.

ಗಂಡನ ಹೆಸರು ಬಾಯಿಂದ ಹೇಳಬಾರದು ಎಂದು ಅವ್ವ ಇದ್ದಾಗ ಕಲಿಸಿದ್ದಳು. ಕಾಗದದ ಮೇಲೆ ಬರೆಯಬಹುದೋ ಇಲ್ಲವೋ ಹೇಳಿರಲಿಲ್ಲ. ಅದಕ್ಕೇ ಲಕೋಟೆಯ ಮೇಲೆ ಬರೆಯಲು ಮಠದ ಅಯ್ಯನವರಿಗೆ ಕೊಡುತ್ತೇನೆ. ಒಳಗಿನದನ್ನು ಮಾತ್ರ ಅಂಟು ಹಚ್ಚಿ ಮುಚ್ಚಿಯೇ ಕೊಡುತ್ತೇನೆ.

ನೀವು ಹೋದದ್ದು ಶ್ರಾವಣದಲ್ಲಿ. ಆಮೇಲೆ ಎರಡು ಕಾಗದ ಬರೆದೆ, ಉತ್ತರವಿಲ್ಲ. ನಿಮ್ಮ ಸಿಟ್ಟು ಅಪ್ಪನ ಮೇಲೆ ಎಂದು ಗೊತ್ತು. ಆದರೆ ಅಂಚೆಯವನ ದಾರಿ ಕಾಯುವವಳು ನಾನಲ್ಲವೇ?

ಚಿತ್ತಾಪುರದ ಕುಸ್ತಿಯಲ್ಲಿ ಪೇಚು-ಪಟ್ಟು ಹಾಕುವುದರಲ್ಲಿ ನೀವೇ ಮೇಲಾಗಿದ್ದಿರಂತೆ. ಕಡೆಗೆ ವಾಡಿ ಸ್ಟೇಶನ್ನಿನಲ್ಲಿ ಮೂಟೆ ಹೊರುವ ಅಬ್ದುಲ್ ಗನಿ ಬರೀ ಬಲದಿಂದ ನಿಮ್ಮನ್ನು ಎತ್ತಿ ಚಿತ್ ಮಾಡಿದ. ಮನೆಗೆ ಬಂದವರೇ ಹೊಳೆದಂಡೆಯಿಂದ ಕಲ್ಲುಗುಂಡು ಹೊತ್ತು ತಂದು ಅಪ್ಪನ ತಾಲೀಮಿನ ಮನೆಯಲ್ಲಿ ಇಟ್ಟಿರಿ. ಅಪ್ಪ ಅವನ್ನು ಹೊರಗೆ ಉರುಳಿಸಿದರು. “ಪೈಲ್ವಾನನ ಮೈ ಹಗ್ಗದಂಗ ಇರಬೇಕು. ಕಲ್ಲು ಎತ್ತಿದ ಮೈ ಕಟಗಿ ಆಗ್ತದ. ಇಲ್ಲಿ ಮಣ್ಣು ಅದ, ದಂಡ-ಬೈಠಕ್ ಅದ. ಅಷ್ಟು ಸಾಲದವರು ಹೊಂಟು ಹೋಗಲಿ” ಎಂದರು. ಉಸ್ತಾದ್ ಮಡಿವಾಳಯ್ಯನವರ ಕೈಯಲ್ಲಿ ಬೆಳೆದು, ಅವರ ಮಗಳನ್ನೇ ಮದುವೆಯಾದವರು ನೀವು. ಆ ಒಂದು ಮಾತಿಗೆ ಹೊರಟೇ ಹೋದಿರಿ, ಅದೂ ಕಲ್ಲುಗಣಿಗೇ!

ಈಗ ಇಲ್ಲಿಯ ಸಂಗತಿ ಕೇಳಿರಿ. ದೀಪಾವಳಿ ಮುಗಿದ ಮೇಲೆ ಅದೇ ಅಬ್ದುಲ್ ಗನಿ ನಮ್ಮ ಬಾಗಿಲಿಗೆ ಬಂದು ಚಪ್ಪಲಿ ಬಿಟ್ಟು ನಿಂತ. ಹೈದರಾಬಾದಿನಲ್ಲಿ ಸಣ್ಣ ಆಳೊಬ್ಬ ಕಾಲು ಸೆಳೆದು ಅವನನ್ನು ಕೆಡವಿದ್ದನಂತೆ. “ನನ್ನ ಬಲ ಎಲ್ಲಿ ಹೋಯ್ತೋ ತಿಳೀಲಿಲ್ಲ ಉಸ್ತಾದ್ರೇ. ನನಗ ಪೇಚು ಕಲಸ್ರಿ” ಎಂದ. ಅಪ್ಪನ ಮುಖ ಅರಳಿತು, ಸುಳ್ಳು ಯಾಕೆ ಹೇಳಲಿ. ಭಾರ ಎತ್ತುವುದು ಬಿಟ್ಟು ಬಾ ಎಂದರು. ಅವನು ನಕ್ಕುಬಿಟ್ಟ. “ಮೂಟಿ ಬಿಟ್ಟರ ಹೊಟ್ಟಿಗಿ ಏನ್ ಮಾಡ್ಲಿ?”

ಅಪ್ಪ ಅವನನ್ನು ಹಾಗೆಯೇ ಸೇರಿಸಿಕೊಂಡರು. ಪಾಳಿ ಇಲ್ಲದ ದಿನ ಅವನು ಬರುತ್ತಿದ್ದ. ಮೊದಮೊದಲು ಎತ್ತಿನಂತೆ ನುಗ್ಗುತ್ತಿದ್ದವನು ಬರಬರುತ್ತ ಬಗ್ಗಲು, ಜಾರಿಕೊಳ್ಳಲು ಕಲಿತ. ಮೂಟೆಯನ್ನೂ ಬಿಟ್ಟಿರಲಿಲ್ಲ. ಅಪ್ಪನಿಗೆ ಇದು ಗಂಟಲಲ್ಲಿ ಸಿಕ್ಕಿಕೊಂಡ ಮುಳ್ಳಿನಂತಾಯಿತು. ಒಂದು ದಿನ ಊಟಕ್ಕೆ ಕುಳಿತವರು, ಅವನ ಮೈ ಯಾಕೆ ಕಟಗಿ ಆಗಲಿಲ್ಲ ಎಂದು ತಮ್ಮಷ್ಟಕ್ಕೆ ತಾವೇ ಗೊಣಗಿದರು. ನನಗೆ ತಡೆಯಲಾಗಲಿಲ್ಲ. “ಅಪ್ಪಾ, ನಾ ದಿನಾ ಕಾಗಿಣಾ ಹೊಳಿಯಿಂದ ತುಂಬಿದ ಕೊಡ ಹೊತ್ತು ದಂಡಿ ಏರತೀನಿ, ಜ್ವಾಳ ಬೀಸತೀನಿ. ಅದೇ ಕೈಲೆ ಸೂಜಿಗಿ ದಾರ ಪೋಣಸತೀನಿ. ನನ್ನ ಕೈ ಕಟಗಿ ಆಗ್ಯಾವೇನು?” ಎಂದೆ.

ಬೈಯುತ್ತಾರೆ ಅಂದುಕೊಂಡೆ. ಅವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು. ಆಮೇಲೆ, ನಾನು ಎಂದೂ ಕೇಳದ ಮಾತು ಹೇಳಿದರು. ಅವರಿಗೆ ಸೂಗಪ್ಪ ಎಂಬ ತಮ್ಮನಿದ್ದನಂತೆ, ಒಳ್ಳೆಯ ಪೈಲ್ವಾನ. ಹುಡುಗರೆಲ್ಲ ಸವಾಲು ಹಾಕಿದರೆಂದು, ಅಲ್ಲಿಯವರೆಗೆ ಯಾರೂ ಎತ್ತದ ಕಲ್ಲುಗುಂಡಿಗೆ ಕೈಹಾಕಿದನಂತೆ. ಬೆನ್ನು ಮುರಿಯಿತು. ಹಾಸಿಗೆ ಹಿಡಿದವನು ಏಳಲೇ ಇಲ್ಲ. “ಮಣ್ಣಿನಾಗ ಬಿದ್ದವ ಏಳತಾನ ಮಾದೇವಿ. ಆ ಕಲ್ಲು ನನ್ನ ತಮ್ಮಗ ಏಳಗೊಡಲಿಲ್ಲ” ಎಂದು ಕೈ ತೊಳೆದುಕೊಂಡರು.

ಅವರು ಕಲ್ಲು ಉರುಳಿಸಿದ್ದು ಸಿಟ್ಟಿನಿಂದ ಎಂದು ನೀವು ತಿಳಿದಿರಿ. ನಾನೂ ಹಾಗೇ ತಿಳಿದಿದ್ದೆ. ಅದು ಅಂಜಿಕೆಯಾಗಿತ್ತು. ನಿಮ್ಮ ಸಲುವಾಗಿ ಅಂಜಿಕೆ. ಅದನ್ನು ಹೇಳಲು ಅವರಿಗೆ ಬರಲಿಲ್ಲ, ಬೈಯಲು ಬಂತು.

ಮುಂದಿನ ಸಲ ಗನಿ ಬಂದಾಗ ಭಾರ ಹೇಗೆ ಎತ್ತುತ್ತೀ ತೋರಿಸು ಎಂದರು. ಸೊಂಟದಿಂದ ಎತ್ತಬಾರದು, ಮೊಣಕಾಲು ಬಗ್ಗಿಸಿ ತೊಡೆಯಿಂದ ಏಳಬೇಕು, ಸಣ್ಣದು ಹಗುರಾದ ಮೇಲೆ ದೊಡ್ಡದು ಎಂದು ಅವನು ಮಾಡಿ ತೋರಿಸಿದ. ಬೇಲಿಯ ಬದಿಗೆ ಬಿದ್ದಿದ್ದ ನಿಮ್ಮ ಗುಂಡುಗಳನ್ನು ಅಪ್ಪ ತಾವೇ ಒಳಗೆ ಉರುಳಿಸಿಕೊಂಡು ಬಂದರು. ನಾನು ನೋಡಿಯೂ ನೋಡದಂತೆ ಜೋಳ ಹಸನು ಮಾಡುತ್ತ ಕುಳಿತೆ.

ಎಲ್ಲವೂ ಸರಿಹೋಯಿತು ಅನ್ನಬೇಡಿ. ನಿಮ್ಮ ಜೋಡಿ ತಾಲೀಮು ಮಾಡುತ್ತಿದ್ದ ಮಜೀದಸಾಬ ಆಸೆಬುರುಕನಂತೆ ದಿನಾ ಎತ್ತಿ ಎತ್ತಿ, ಕುಸ್ತಿಯಲ್ಲಿ ಕೈಯೇ ಏಳದಂತೆ ಮಾಡಿಕೊಂಡ. “ನೋಡಿದಿ? ನಾ ಹೇಳಿದ್ದಿಲ್ಲೇನು?” ಎಂದು ಅಪ್ಪ ಒಮ್ಮೆ ಕುಣಿದರು. ಆಮೇಲೆ ತಾವೇ ಕುಳಿತು ಯೋಚಿಸಿ ಕಟ್ಟುಪಾಡು ಮಾಡಿದರು. ಮೊದಲು ಮಣ್ಣು, ಕಲ್ಲು ಆಮೇಲೆ. ಒಂದು ದಿನ ಎತ್ತಿದರೆ ಮರುದಿನ ಬಿಡುವು. ಕುಸ್ತಿ ಹತ್ತಿರ ಬಂತೆಂದರೆ ಕಲ್ಲು ಮುಟ್ಟುವಂತಿಲ್ಲ. “ಕಲ್ಲು ಕುಸ್ತಿಯ ಚಾಕರಿ ಮಾಡಬೇಕು. ಕುಸ್ತಿ ಕಲ್ಲಿನ ಚಾಕರಿ ಮಾಡಬಾರದು” ಎಂದು ಎಲ್ಲರಿಗೂ ಹೇಳುತ್ತಾರೆ, ಹುಟ್ಟಿದಾಗಿನಿಂದ ಇದನ್ನೇ ಹೇಳುತ್ತ ಬಂದವರಂತೆ.

ನಿಮ್ಮನ್ನು ಕರೆಸು ಎಂದು ಅವರು ಹೇಳಿಲ್ಲ. ಹೇಳುವ ಪೈಕಿಯವರಲ್ಲ. ಆದರೆ ನಿನ್ನೆ ಕಟ್ಟೆಯ ಮೇಲೆ ಕುಳಿತು ಕೇಳಿದರು. “ನಿನ್ನ ಗಂಡ ಅಲ್ಲಿ ಪರಶಿ ಕಲ್ಲು ಎತ್ತಾಕತ್ತಾನಲ್ಲ, ಹೆಂಗ ಎತ್ತಬೇಕು ಅಂತ ಯಾರರ ಹೇಳಿಕೊಟ್ಟಾರೋ ಇಲ್ಲೋ?”

ನನಗೆ ತಿಳಿಯದು ಎಂದೆ. ನಿಜವಾಗಿ ನನಗೆ ನಿಮ್ಮ ಬಗ್ಗೆ ಏನೂ ತಿಳಿಯದು. ಊಟ ಎಲ್ಲಿ, ಬೆನ್ನು ನೋಯುತ್ತದೆಯೇ, ಎಣ್ಣೆ ತಿಕ್ಕುವವರು ಯಾರು, ಒಂದೂ ತಿಳಿಯದು. ನೀವು ಬಲ ಬೇಕು ಅಂದದ್ದು ತಪ್ಪಲ್ಲ. ಅಪ್ಪ ಜೋಪಾನ ಅಂದದ್ದೂ ತಪ್ಪಲ್ಲ. ಇಬ್ಬರೂ ಬೇರೆ ಬೇರೆ ಊರಲ್ಲಿ ಕುಳಿತು ಸರಿಯಾಗಿದ್ದರೆ ನನಗೇನು ಬಂತು?

ಬರ್ರಿ. ಇದಕ್ಕಿಂತ ಚೆಂದವಾಗಿ ಬರೆಯಲು ನನಗೆ ಬರುವುದಿಲ್ಲ.

ನಿಮ್ಮ ಮನೆಯಾಕೆ
ಮಹಾದೇವಮ್ಮ

ತಾ.ಕ.: ಗನಿ ತಾನಾಗಿ ಬಂದವನಲ್ಲ. ಪಕ್ಕದ ಮನೆಯ ಮಾಶಾಬಿ ಅವನಿಗೆ ಚಿಕ್ಕಮ್ಮ ಆಗಬೇಕು. ಅವನು ಸೋತ ಸುದ್ದಿಯನ್ನು ಆಕೆಯೇ ಹೇಳಿದಳು, ಆಕೆಯ ಕೈಲೇ ನಾನು ಅವನಿಗೆ ಅಪ್ಪನ ಹತ್ತಿರ ಕಲಿಯಲು ಬಾ ಎಂದು ಹೇಳಿ ಕಳಿಸಿದೆ. ಅಪ್ಪನಿಗೆ ಇದು ಗೊತ್ತಿಲ್ಲ, ನೀವೂ ಹೇಳಬೇಡಿ. ಬರಲು ಅವನು ಒಂದೇ ಕರಾರು ಹಾಕಿದ: ನೀವು ತಿರುಗಿ ಬಂದ ಮೇಲೆ ಅವನೊಡನೆ ಮತ್ತೊಮ್ಮೆ ಕುಸ್ತಿ ಹಿಡಿಯಬೇಕು. ನಿಮ್ಮನ್ನು ಕೇಳದೆ ನಾನು ಹೂಂ ಅಂದುಬಿಟ್ಟಿದ್ದೇನೆ.