ಒಂಬತ್ತನೇ ಪ್ರಶ್ನೆ

ಅಮ್ಮಾ,

ನೀನು ತುಂಬಿ ಕಳಿಸಿದ ಫಾರಂ ಓದಿ ಮೈ ಉರಿಯಿತು.

ಎದೆನೋವೆಂದು ಈ ವರ್ಷ ನಾಲ್ಕು ಸಲ ಇಸಿಜಿ ಮಾಡಿಸಿಕೊಂಡೆ. ನಾಲ್ಕೂ ಸರಿಯಿದ್ದವು. ನಮ್ಮ ಕನ್ನಡಕದಂಗಡಿಯಲ್ಲಿ ಗಿರಾಕಿಗಳಿಗೆಂದು ಇಟ್ಟ ಕನ್ನಡಿಯಲ್ಲೇ ದಿನವೂ ನಾಲಿಗೆ ಚಾಚಿ ಹುಣ್ಣು ಹುಡುಕುತ್ತೇನೆ. ಆಮೇಲೆ ಅದನ್ನು ಒರೆಸುವಾಗ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ. ಈ ರೋಗಭಯದ ಹಿಂದೆ ಆಟಿಸಂ ಇರಬಹುದೇ ಎಂದು ತಿಳಿಯಲು ಮನಸ್ಸಿನ ಡಾಕ್ಟರು ಆ ಫಾರಂನಲ್ಲಿ ನನ್ನ ಬಾಲ್ಯದ ಬಗ್ಗೆ ನಿನ್ನನ್ನು ಕೇಳಿದರು. ನೀನೋ, ಹೆಚ್ಚುಕಮ್ಮಿ ಎಲ್ಲದಕ್ಕೂ ‘ತೊಂದರೆ ಇಲ್ಲ’ ಎಂದು ಗೀಚಿ, ಕೊನೆಗೆ ‘ನಮ್ಮ ಹುಡುಗಿ ಅಪ್ಪಟ ಚಿನ್ನ’ ಎಂದು ಸೇರಿಸಿದ್ದೀಯ. ಥೂ!

ಚುಚ್ಚುತ್ತದೆಂದು ನಾನು ಅತ್ತಾಗ ಒಂದೊಂದು ಅಂಗಿಯ ಲೇಬಲ್ಲನ್ನೂ ಬಿಚ್ಚಿ ಕೊಟ್ಟವಳು ಯಾರು? ಮಿಕ್ಸಿ ಹಾಕುವ ಮೊದಲು “ಕಿವಿ ಮುಚ್ಕೋ ಪುಟ್ಟೀ” ಅಂತ ಕೂಗುತ್ತಿದ್ದವಳು ಯಾರು? ನಿನ್ನ ಉತ್ತರ ಓದಿದ ಮೇಲೆ, ಎಲ್ಲವೂ ನನ್ನ ನಾಟಕವೇನೋ ಎಂದು ನನಗೇ ಅನುಮಾನ ಹತ್ತಿದೆ.

ಇದರ ಜೊತೆ ಹೊಸ ಫಾರಂ ಇಟ್ಟಿದ್ದೇನೆ. ನನ್ನ ಮರ್ಯಾದೆ ಕಾಯಬೇಡ, ನೆನಪಿದ್ದದ್ದನ್ನು ಬರೆ. ಒಂಬತ್ತನೇ ಪ್ರಶ್ನೆಗೆ ‘ಗೆಳತಿಯರು ತುಂಬಾ ಜನ’ ಎಂದಿದ್ದೀಯಲ್ಲ, ಬೇಕಾದರೆ ಅದೊಂದನ್ನು ಹಾಗೇ ಇಡು. ಪಕ್ಕದಲ್ಲಿ ಒಬ್ಬಳ ಹೆಸರು ಬರೆ, ಸಾಕು.

ನಿನ್ನ
ಪುಟ್ಟಿ