ಗಂಟು ಎಣಿಸಿದವನ ಹೊಟ್ಟೆಕಿಚ್ಚು

ಗೆಳೆಯಾ ರಾಚಪ್ಪ,

ನೀನು ಹೋಗಿ ಎರಡು ವರ್ಷವಾಯಿತು. ಸತ್ತವರ ಮೇಲೆ ಹೊಟ್ಟೆಕಿಚ್ಚು ಪಡಬಾರದು ಅನ್ನುತ್ತಾರೆ. ನನ್ನದಂತೂ ಇನ್ನೂ ಆರಿಲ್ಲ, ಏನು ಮಾಡಲಿ?

ಸುರಪುರದ ನಮ್ಮ ಶಾಲೆಯ ಮೈದಾನದಲ್ಲಿ ನೀನು ಹಗ್ಗ ಹಾಸಿದ ದಿನ ನೆನಪಿದೆಯಾ? ಲಂಬಕೋನ ತ್ರಿಭುಜದ ಪ್ರಮೇಯವನ್ನು ನಾನು ಒಂದು ವಾರ ಬೋರ್ಡಿನ ಮೇಲೆ ತೀಡಿದ್ದೆ. ಮಕ್ಕಳ ತಲೆಗೆ ಹೋಗಿರಲಿಲ್ಲ. ನೀನು ಚಿತ್ರಕಲೆಯ ಮಾಸ್ತರ, ಸಮ ಅಂತರಕ್ಕೆ ಗಂಟು ಹಾಕಿದ ಹಗ್ಗ ತಂದು ಮೂರು, ನಾಲ್ಕು, ಐದು ಎಂದು ಮೂರು ಗೂಟಕ್ಕೆ ಎಳೆದೆ. ಮೂಲೆ ನೆಟ್ಟಗೆ ಬಂದು ಕೂತಿತು. "ನಮ್ಮ ಮುತ್ಯಾ ಬಂಗಾರದ ರೇಕಿನ ಚಿತ್ರಕ್ಕ ಹಲಗಿ ಕೊಯ್ಯಾಕ ಹಿಂಗ ದಾರ ಹಿಡೀತಿದ್ದ. ಅವನಕಿಂತ ಮೊದಲ ಯಜ್ಞದ ವೇದಿ ಕಟ್ಟವ್ರೂ ಹಗ್ಗಾನ ಹಿಡಿದಿದ್ರು. ಲೆಕ್ಕ ಪುಸ್ತಕಕ್ಕ ಆಮ್ಯಾಲ ಬಂತು" ಅಂದೆ. ಆಮೇಲೆ ಒಂದು ಚೌಕದ ಮೇಲೆ ಇನ್ನೊಂದನ್ನು ತಿರುಗಿಸಿ, ಹಳೆಯ ಗುಮ್ಮಟಗಳ ಗೋಡೆಯಲ್ಲಿರುವಂಥ ಎಂಟು ಮೂಲೆಯ ನಕ್ಷತ್ರವನ್ನು ಸುಣ್ಣದಲ್ಲಿ ಬಿಡಿಸಿದೆ. ಮಕ್ಕಳು ಕುಣಿದಾಡಿದರು. ನನಗೆ ಮೈಯೆಲ್ಲ ಉರಿಯಿತು.

ಮರುದಿನ ನೀನು ಶಹಾಪುರಕ್ಕೆ ಹೋದದ್ದು ನೋಡಿಕೊಂಡು ನಾನೂ ಹಗ್ಗ ಹಿಡಿದೆ. ಹನ್ನೆರಡು ಗಂಟು ಎಣಿಸಿ ಹಾಕಿದೆ. ಎಷ್ಟು ಎಳೆದರೂ ತ್ರಿಭುಜ ಕೂಡಲೊಲ್ಲದು. ಮಧ್ಯಾಹ್ನದ ಬಸ್ಸಿಗೆ ವಾಪಸ್ ಬಂದ ನೀನು, ಮಕ್ಕಳ ಮುಂದೆ ಬಹುವಚನ ಬಿಡದೆ, "ಸರ್, ಗಂಟ ಎಣಿಸಬ್ಯಾಡ್ರಿ, ನಡುವಿನ ಜಾಗಾ ಎಣಿಸ್ರಿ" ಅಂದೆ. ಮೂರು, ನಾಲ್ಕು, ಐದು ಕೂಡಿ ಹನ್ನೆರಡು ಜಾಗ ಬೇಕು, ಹನ್ನೆರಡು ಗಂಟಿನ ನಡುವೆ ಇದ್ದದ್ದು ಹನ್ನೊಂದೇ! ಎಂ.ಎಸ್ಸಿ. ಓದಿದವನು ನಾನು. ನೀನು ಸ್ವಲ್ಪವಾದರೂ ನಕ್ಕಿದ್ದರೆ ನಿನ್ನನ್ನು ನೆಮ್ಮದಿಯಿಂದ ದ್ವೇಷಿಸಬಹುದಿತ್ತು.

ಶಿಕ್ಷಣ ಇಲಾಖೆಯ ಸಾಹೇಬರು ತಪಾಸಣೆಗೆ ಬಂದ ದಿನವೂ ಹಾಗೆಯೇ. ಮೈದಾನ ನೋಡಿ, "ಯಾರ ಐಡಿಯಾರಿ ಇದು?" ಅಂದರು. "ನಂದೇ ರಿ ಸರ್" ಎಂದು ಬಾಯಿ ಹಾಕಿಬಿಟ್ಟೆ. ಪಕ್ಕದಲ್ಲೇ ನೀನು, ಕೈಯೆಲ್ಲ ಸುಣ್ಣ. ನನ್ನನ್ನು ತಡೆಯಬೇಕಿತ್ತಲ್ಲ ಪುಣ್ಯಾತ್ಮಾ? "ಹೌದ್ರಿ, ಅವರದ. ನಾ ಬರೇ ಸುಣ್ಣ ಹಾಕೇನಿ" ಅಂದೆ. ಪ್ರಶಸ್ತಿಪತ್ರ ನನ್ನ ಹೆಸರಿಗೆ ಬಂತು. ನಿನ್ನ ದೊಡ್ಡತನ ಕಂಡು ಇನ್ನಷ್ಟು ಉರಿದೆ. ನಿನ್ನ ಕೊನೆಯ ದಿನಗಳಲ್ಲಿ ದವಾಖಾನೆಯಲ್ಲಿ ಪಕ್ಕ ಕೂತಾಗ ತಪ್ಪು ಒಪ್ಪಿಕೊಳ್ಳಬೇಕೆಂದಿದ್ದೆ, ಮೋಸಂಬಿ ಸುಲಿದು ಕೊಟ್ಟು ಎದ್ದು ಬಂದೆ.

ಹೋದ ಸೋಮವಾರ ಯಾದಗಿರಿಯಲ್ಲಿ ಶಿಕ್ಷಕರ ತರಬೇತಿ. ಗಣಿತದ ಇತಿಹಾಸ ಮತ್ತು ಕಲೆಯ ಬಗ್ಗೆ ಮಾತಾಡಲು ನನ್ನನ್ನು ಕರೆದಿದ್ದರು, ಆ ಪ್ರಶಸ್ತಿಯ ಬಲದಿಂದಲೇ. ಎದ್ದು ನಿಂತು, "ಇದು ನಂದಲ್ಲ, ರಾಚಪ್ಪ ಮಾಸ್ತರಂದು. ಅವತ್ತು ನಾ ಸುಳ್ಳ ಹೇಳಿದ್ದೆ" ಅಂದೆ. ಎಳೆಯ ವಯಸ್ಸಿನ ಟೀಚರೊಬ್ಬಳು, "ಆ ಮಾಸ್ತರು ಇನ್ನೂ ಏನೇನ್ ಕಲಿಸ್ತಿದ್ರು, ಹೇಳ್ರಿ" ಅಂದಳು. ಒಂದು ತಾಸು ನಿನ್ನದೇ ಮಾತು. ನಾನು ಬರೆದುಕೊಂಡು ಹೋದ ಭಾಷಣ ಜೇಬಿನಲ್ಲೇ ಉಳಿಯಿತು. ಊಟಕ್ಕೆ ಕೂತಾಗಲೂ ಅಕ್ಕಪಕ್ಕದವರು ನಿನ್ನನ್ನೇ ಕೇಳಿದರು.

ನನ್ನ ಬಗ್ಗೆ ಒಬ್ಬರೂ ಒಂದು ಮಾತು ಕೇಳಲಿಲ್ಲ, ರಾಚಪ್ಪ.

ಶರಣಪ್ಪ